ಬ್ಯಾಂಕಿನ ಬಾಗಿಲು ಹಾಕಿದ ಮೇಲೆ

ನಮ್ಮ ಸುಬ್ರಹ್ಮಣ್ಯಪುರದಲ್ಲಿ ಹೆಣ್ಣಿಗೆ ವರ ನೋಡುವವರೂ, ಗಂಡುಹುಡುಗರಿಗೆ ಬುದ್ಧಿ ಹೇಳುವವರೂ ಒಂದು ಮಾತನ್ನು ಮಾತ್ರ ಒಮ್ಮತದಿಂದ ಹೇಳುತ್ತಾರೆ: ನೌಕರಿಗಳಲ್ಲೆಲ್ಲ ಬ್ಯಾಂಕಿನ ನೌಕರಿಯೇ ಮೇಲು. ಬಿಸಿಲಿಲ್ಲ, ಮಳೆಯಿಲ್ಲ, ತಲೆಯ ಮೇಲೆ ಫ್ಯಾನು, ಕೆಳಗೆ ಕುರ್ಚಿ, ಹತ್ತಕ್ಕೆ ಹೋದವರು ಐದಕ್ಕೆ ಮನೆಯಲ್ಲಿ, ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ. ಇದಕ್ಕಿಂತ ಸುಖ ಇನ್ನೇನಿದೆ? ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮುಖ ಕಂಡವರಲ್ಲಿ ನಾನೇ ಮೊದಲಿಗ. ತಂದೆಯವರದು ಗಾರೆ ಕೆಲಸ, ತಾಯಿಯದು ಹೂವಿನ ವ್ಯಾಪಾರ. ಹೀಗಿರುವಾಗ ಅವರಿಬ್ಬರೂ ನನ್ನನ್ನು ಬ್ಯಾಂಕಿನ ಗಾಜಿನ ಕಿಟಕಿಯ ಆಚೆಗೆ ಕೂಡಿಸಿ ನೋಡಲು ಬಯಸುವುದು ಸಹಜವೇ. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದೆಂದು ಪ್ರಕಟವಾದಂದಿನಿಂದ ನನ್ನಂಥ ಕನ್ನಡ ಮಾಧ್ಯಮದವರಿಗೂ ಆಸೆ ಚಿಗುರಿದೆ. ಆದರೆ ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯುಂಟಲ್ಲ, ಬೆಟ್ಟ ಹತ್ತುವ ಮುನ್ನ ಅದನ್ನು ಹತ್ತಿರದಿಂದ ಕಂಡವರ ಮಾತನ್ನೂ ಕೇಳುವುದು ಒಳ್ಳೆಯದೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಬ್ಯಾಂಕೆಂಬುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಸೊತ್ತಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಸ್ತಿಭಾರ ಹಾಕಿದರು. 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಬ್ಯಾಂಕು ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು. ಇಷ್ಟು ಬ್ಯಾಂಕುಗಳನ್ನು ಹೆತ್ತ ನಾಡುಗಳು ಭಾರತದಲ್ಲಿ ಹೆಚ್ಚಿಲ್ಲ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಎಂಬ ಹೊಸ ಪದ್ಧತಿಯನ್ನು ಪ್ರಾರಂಭಿಸಿದರು. ದಿನಕ್ಕೆ ಎರಡಾಣೆ ಉಳಿಸಬಲ್ಲ ಮೀನು ಮಾರುವವಳ ಮನೆಬಾಗಿಲಿಗೂ ಬ್ಯಾಂಕು ತಾನೇ ನಡೆದುಕೊಂಡು ಹೋಯಿತು. ಹೀಗೆ ನಡೆದದ್ದು ಬ್ಯಾಂಕಿನ ಕಟ್ಟಡವಲ್ಲ, ಚೀಲ ಹೆಗಲಿಗೆ ಹಾಕಿಕೊಂಡ ಒಬ್ಬ ಮನುಷ್ಯ ಎಂಬುದನ್ನು ನಾವು ಮರೆಯುತ್ತೇವೆ. ಆ ಪಿಗ್ಮಿ ಸಂಗ್ರಾಹಕರನ್ನು ‘ಕಾರ್ಮಿಕರು’ ಎಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2001ರಲ್ಲಿ. ಎಂದರೆ ಪದ್ಧತಿ ಹುಟ್ಟಿ ಎಪ್ಪತ್ತಮೂರು ವರ್ಷಗಳಾದ ಮೇಲೆ.

ದುಡಿಮೆಗೆ ಹೊತ್ತಿನ ಮೇರೆ ಹಾಕುವ ಕೆಲಸವೂ ಹೀಗೆಯೇ ನಿಧಾನವಾಗಿ ನಡೆದದ್ದು. ಎಂಟು ಗಂಟೆಯ ದಿನಕ್ಕಾಗಿ ಅಮೆರಿಕದ ಷಿಕಾಗೋ ನಗರದ ಕೆಲಸಗಾರರು 1886ರ ಮೇ ತಿಂಗಳಿನಲ್ಲಿ ರಕ್ತ ಚೆಲ್ಲಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಮೊಟ್ಟಮೊದಲ ಒಡಂಬಡಿಕೆಯೇ ಕೆಲಸದ ಹೊತ್ತನ್ನು ಕುರಿತದ್ದು. ನಮ್ಮ ದೇಶದ ಬ್ಯಾಂಕು ನೌಕರರು 1946ರಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ಸಂಘವನ್ನು ಕಟ್ಟಿಕೊಂಡರು. ಅನೇಕ ಮುಷ್ಕರಗಳೂ ತೀರ್ಪುಗಳೂ ಆದ ಬಳಿಕ 1966ರ ಅಕ್ಟೋಬರಿನಲ್ಲಿ ಆಡಳಿತ ವರ್ಗದೊಡನೆ ಮೊದಲನೆಯ ದ್ವಿಪಕ್ಷೀಯ ಒಪ್ಪಂದವಾಯಿತು. ನಮ್ಮ ಹಿರಿಯರ ಮನಸ್ಸಿನಲ್ಲಿ ನಿಂತಿರುವ ‘ಹತ್ತರಿಂದ ಐದು’ ಎಂಬ ಚಿತ್ರ ಈ ಹೋರಾಟದ ಫಲ. ಅದು ಸುಳ್ಳು ಚಿತ್ರವಲ್ಲ, ಹಳೆಯ ಚಿತ್ರ.

ಹೊಸ ಚಿತ್ರವನ್ನು ನಾನು ಕಂಡದ್ದು ನಮ್ಮ ವಠಾರದ ಮಹಡಿಯ ಮನೆಯಲ್ಲಿ. ಅಲ್ಲಿ ಬ್ಯಾಂಕಿನ ಅಧಿಕಾರಿಣಿಯೊಬ್ಬರು ಬಾಡಿಗೆಗಿದ್ದಾರೆ. ಹಾಸನದ ಕಡೆಯವರು. ಅವರ ಹೆಸರನ್ನಾಗಲಿ ಅವರ ಬ್ಯಾಂಕಿನ ಹೆಸರನ್ನಾಗಲಿ ಬರೆಯುವುದು ಉಚಿತವಲ್ಲ; ನಾವು ಅವರನ್ನು ಅಕ್ಕ ಎನ್ನುತ್ತೇವೆ, ಹಾಗೆಯೇ ಬರೆಯುತ್ತೇನೆ. ಅಕ್ಕನ ಯಜಮಾನರಿಗೆ ಕೆಲಸ ಬಳ್ಳಾರಿಯಲ್ಲಿ. ಎರಡನೆಯ ತರಗತಿಯ ಮಗನೊಬ್ಬನಿದ್ದಾನೆ. ಅಕ್ಕ ಬೆಳಿಗ್ಗೆ ಎಂಟಕ್ಕೆ ಹೊರಟು ದೊಡ್ಡಕಲ್ಲಸಂದ್ರದ ಮೆಟ್ರೊ ನಿಲ್ದಾಣಕ್ಕೆ ಆಟೋ ಹಿಡಿಯುತ್ತಾರೆ. ನಗರದ ಆಚೆ ದಿಕ್ಕಿನಲ್ಲಿರುವ ಶಾಖೆಯನ್ನು ಒಂಬತ್ತೂವರೆಗೆ ಸೇರುತ್ತಾರೆ. ಮರಳಿ ಮನೆಗೆ ಬರುವಾಗ ರಾತ್ರಿ ಒಂಬತ್ತು. ಹುಡುಗ ಶಾಲೆ ಬಿಟ್ಟವನೇ ನಮ್ಮ ಮನೆಗೆ ಬಂದು, ತಾಯಿ ಕಟ್ಟುವ ಕಾಕಡದ ರಾಶಿಯ ಪಕ್ಕದಲ್ಲಿ ಕುಳಿತು ಮಗ್ಗಿ ಬರೆಯುತ್ತಾನೆ. ಒಂದು ದಿನ ಶಾಲೆಯಲ್ಲಿ ‘ನನ್ನ ತಾಯಿ’ ಎಂದು ಐದು ವಾಕ್ಯ ಬರೆಯಲು ಹೇಳಿದ್ದರು. ಅವನು ಬರೆದ ನಾಲ್ಕನೆಯ ವಾಕ್ಯ ಹೀಗಿತ್ತು: ‘ಕ್ಯಾಷ್ ತಾಳೆಯಾದರೆ ನನ್ನ ಅಮ್ಮ ಬೇಗ ಬರುತ್ತಾಳೆ.’

ಕ್ಯಾಷ್ ತಾಳೆ ಎಂದರೇನೆಂದು ನಾನು ಅಕ್ಕನನ್ನೇ ಕೇಳಿದೆ. ಆಗ ತಿಳಿಯಿತು, ನಾವು ಬ್ಯಾಂಕೆಂದು ಕಾಣುವುದು ಅದರ ಅರ್ಧವನ್ನು ಮಾತ್ರ. ನಾಲ್ಕು ಗಂಟೆಗೆ ಬಾಗಿಲು ಅರ್ಧ ಇಳಿದ ಮೇಲೆ ಉಳಿದರ್ಧ ಪ್ರಾರಂಭವಾಗುತ್ತದೆ. ಕೌಂಟರಿನಲ್ಲಿ ಬಂದ ಹಣ, ಹೋದ ಹಣ, ಕಂಪ್ಯೂಟರು ಹೇಳುವ ಲೆಕ್ಕ, ಮೂರೂ ಒಂದಾಗಬೇಕು. ಒಂದಾದ ಮೇಲೆ ಹಣ ಸ್ಟ್ರಾಂಗ್ ರೂಮಿಗೆ ಹೋಗಬೇಕು. ಅದಕ್ಕೆ ಎರಡು ಕೀಲಿ. ಎರಡೂ ಒಬ್ಬರ ಕೈಯಲ್ಲಿರಕೂಡದು. ಆದಕಾರಣ ಒಬ್ಬರು ತಡವಾದರೆ ಇಬ್ಬರೂ ತಡ. ಕೀಲಿ ಹಿಡಿದವರಿಗೆ ಜ್ವರ ಬಂದರೂ ಇನ್ನೊಬ್ಬರಿಗೆ ಒಪ್ಪಿಸಿಯೇ ಮಲಗಬೇಕು. ಒಂದು ಸಂಜೆ ಐನೂರು ರೂಪಾಯಿ ಕಡಿಮೆ ಬಂದಿತಂತೆ. ಕಟ್ಟುಗಳನ್ನೆಲ್ಲ ಬಿಚ್ಚಿ ಎರಡು ಸಲ ಎಣಿಸಿದರು. ಚಲನ್‌ಗಳನ್ನು ಒಂದೊಂದಾಗಿ ನೋಡಿದರು. ಕ್ಯಾಮೆರಾದ ಚಿತ್ರವನ್ನೂ ಹಿಂದಕ್ಕೆ ತಿರುಗಿಸಿ ನೋಡಿದರು. ಸಿಗಲಿಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ ತನ್ನ ಕೈಚೀಲದಿಂದ ಐನೂರರ ನೋಟು ತೆಗೆದಿಟ್ಟಳು, ಲೆಕ್ಕ ತಾಳೆಯಾಯಿತು. ‘ಹಣ ಹೋದದ್ದಕ್ಕೆ ಅವಳು ಅಳಲಿಲ್ಲ ಕಣೋ. ನಾಳೆಯೂ ಹೀಗಾದರೆ ಅಂತ ಅತ್ತಳು’ ಎಂದರು ಅಕ್ಕ.

ಇಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಲೆಕ್ಕ ಮುಗಿದ ಬಳಿಕ ಸಾಲ ಕಟ್ಟದವರಿಗೆ ಫೋನು; ಎಟಿಎಂ ಯಂತ್ರಕ್ಕೆ ಹಣ; ಗ್ರಾಹಕರ ಕೆವೈಸಿ ಕಾಗದಗಳು; ಆಮೇಲೆ ಮೇಲಧಿಕಾರಿಗಳ ವಿಡಿಯೋ ಸಭೆ. ಆ ಸಭೆಯಲ್ಲಿ ‘ಇಂದು ಎಷ್ಟು?’ ಎಂಬ ಒಂದೇ ಪ್ರಶ್ನೆ ಎಲ್ಲ ಶಾಖೆಗಳಿಗೂ. ಎಷ್ಟು ಖಾತೆ, ಎಷ್ಟು ಸಾಲ, ಎಷ್ಟು ವಿಮೆ, ಎಷ್ಟು ಕ್ರೆಡಿಟ್ ಕಾರ್ಡು? ಗುರಿ ಮುಟ್ಟದವರ ಹೆಸರನ್ನು ಎಲ್ಲರೆದುರಿಗೆ ಓದುತ್ತಾರೆ. ಮುಟ್ಟಿದವರಿಗೆ ಮುಂದಿನ ತಿಂಗಳು ಗುರಿ ಏರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಗಂಡ ಮಾರಯ್ಯ ಅಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಿರುಗಿಸಿದಳಂತೆ. ಹನ್ನೆರಡನೆಯ ಶತಮಾನದ ಬಡ ದಂಪತಿಗಳಿಗೆ ‘ಇಷ್ಟು ಸಾಕು’ ಎಂಬ ಅಳತೆ ಗೊತ್ತಿತ್ತು. ಇಂದಿನ ಗುರಿಯ ಪಟ್ಟಿಯಲ್ಲಿ ಆ ಅಂಕಣವೊಂದೇ ಇಲ್ಲ.

ಈ ಹೊರೆ ಹೇಗೆ ಬೆಳೆಯಿತೆಂಬುದನ್ನೂ ವಿಚಾರಿಸಬೇಕು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳೂ, 1980ರಲ್ಲಿ ಇನ್ನಾರು ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡ ಮೇಲೆ ಬ್ಯಾಂಕು ಬಡವರ ಬಾಗಿಲಿಗೆ ಬಂದಿತು. ಅದರಿಂದಾದ ಒಳಿತನ್ನು ನಮ್ಮಂಥವರು ಅಲ್ಲಗಳೆಯಲಾಗದು. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಸರ್ಕಾರದ ಯಾವ ಯೋಜನೆ ಹೊರಟರೂ, ಅದು ದೆಹಲಿಯದಾಗಲಿ ವಿಧಾನಸೌಧದ್ದಾಗಲಿ, ಕೊನೆಗೆ ಬಂದು ನಿಲ್ಲುವುದು ಬ್ಯಾಂಕಿನ ಕೌಂಟರಿನ ಮುಂದೆಯೇ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಆರಂಭವಾದ ಮೊದಲ ದಿನವೇ ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಖಾತೆಗಳು ತೆರೆದವು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಅವು ನೂರಕ್ಕೆ ಎಂಬತ್ತಾರು ಪಾಲು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಹೂ ಮಾರಿ ಕೂಡಿಟ್ಟ ನೋಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡ ತಾಯಿಯ ಪಕ್ಕದಲ್ಲಿ ಸರದಿಯಲ್ಲಿ ನಿಂತದ್ದು ನೆನಪಿದೆ. ನಿಂತವರ ಕಷ್ಟವನ್ನು ಎಲ್ಲರೂ ಬರೆದರು. ಕಿಟಕಿಯ ಒಳಗೆ ಶನಿವಾರ, ಭಾನುವಾರವೆನ್ನದೆ ಕುಳಿತು ಎಣಿಸಿದವರ ಬೆರಳುಗಳನ್ನು ಕುರಿತು ಬರೆದವರು ಕಡಿಮೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ, ಸೋಂಕಿನ ಭಯದಿಂದ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಜನಧನ ಖಾತೆಯ ಹೆಂಗಸರಿಗೆ ತಿಂಗಳಿಗೆ ಐನೂರು ರೂಪಾಯಿಯಂತೆ ಹಣ ಬಂದಿತು. ಅದನ್ನು ಕೊಡಲು ಬ್ಯಾಂಕಿನವರು ಬಾಗಿಲು ತೆರೆದಿದ್ದರು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಆಧಾರ್ ಜೋಡಣೆಗೆಂದು ಮತ್ತೆ ಅದೇ ಸಾಲು.

ಇದರ ಜೊತೆಗೆ ವಿಲೀನಗಳು. 2017ರ ಏಪ್ರಿಲ್ 1ರಂದು ಮೈಸೂರು ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕು ಹೋದರೂ ಮೈಸೂರು ಬ್ಯಾಂಕ್ ವೃತ್ತ ಎಂಬ ಹೆಸರು ಬಸ್ಸಿನ ನಿರ್ವಾಹಕರ ಬಾಯಲ್ಲಿ ಇನ್ನೂ ಉಳಿದಿದೆ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಕ್ಕೆ, 2020ರಲ್ಲಿ ಸಿಂಡಿಕೇಟು ಕೆನರಾ ಬ್ಯಾಂಕಿನೊಳಕ್ಕೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನೊಳಕ್ಕೆ ಸೇರಿದವು. ಬ್ಯಾಂಕುಗಳ ಲಗ್ನದಲ್ಲಿ ಅಡಿಗೆ ಮಾಡಿದವರು ನೌಕರರೇ: ಹೊಸ ತಂತ್ರಾಂಶ, ಹೊಸ ಪಾಸ್‌ಬುಕ್ಕು, ಹೊಸ ಐಎಫ್‌ಎಸ್‌ಸಿ ಸಂಖ್ಯೆ, ‘ನನ್ನ ಬ್ಯಾಂಕು ಎಲ್ಲಿ ಹೋಯಿತು?’ ಎಂದು ಕೇಳುವ ವೃದ್ಧರಿಗೆ ದಿನವಿಡೀ ಸಮಾಧಾನ. ಕಂಪ್ಯೂಟರು ಬಂದು ಕೆಲಸ ಹಗುರವಾಗಲಿಲ್ಲವೇ ಎಂದು ಕೇಳಬಹುದು. ಹಗುರವಾಯಿತು, ನಿಜ, ಲೆಡ್ಜರಿನ ಭಾರ ತಪ್ಪಿತು. ಆದರೆ ಲೆಡ್ಜರನ್ನು ಶಾಖೆಯಲ್ಲಿಯೇ ಬಿಟ್ಟು ಬರಬಹುದಾಗಿತ್ತು. ಕೈಯಲ್ಲಿರುವ ಫೋನನ್ನು ಹಾಗೆ ಬಿಡಲಾಗುವುದಿಲ್ಲ. ಅಕ್ಕ ಅನ್ನ ಕಲಸುವಾಗಲೂ ಅದು ಗುಣುಗುಣು ಎನ್ನುತ್ತಲೇ ಇರುತ್ತದೆ.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿದಾಗ ತಾಯಿ ಒಪ್ಪಲಿಲ್ಲ. ಅವಳ ಮಾತನ್ನು ಅವಳ ನುಡಿಯಲ್ಲಿಯೇ ಕೊಡುತ್ತೇನೆ: ‘ಆವಮ್ಮಂದು ಕುಂತ್ಕೊಂಡು ಮಾಡೋ ಕೆಲ್ಸ ಮಗ. ನಾನು ಮೂರೂವರೆಗೆ ಎದ್ದು ಮಾರ್ಕೆಟ್ಟಿಗೆ ಹೋಯ್ತೀನಿ, ರಾತ್ರಿ ಹತ್ತಕ್ಕೆ ಬೆನ್ನು ಹಾಸ್ತೀನಿ. ನಂಗೆ ಯಾವ ಯೂನಿಯನ್ನು? ಯಾವ ಭಾನ್ವಾರ?’ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿಯೂ ಇರಲಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಸುಕಿಗೇ ನೂಕಾಡುವ ಹೆಂಗಸರ ಮುಂದೆ, ತಿಂಗಳ ಸಂಬಳ, ಪಿಂಚಣಿ, ರಜೆಗಳುಳ್ಳ ಬ್ಯಾಂಕು ನೌಕರರ ದುಃಖವನ್ನು ದುಃಖವೆಂದು ಹೇಳುವುದು ಹೇಗೆ? ಈ ಲೇಖನವನ್ನು ಬರೆಯದೆ ಬಿಡಬೇಕೆಂದೂ ನನಗೆ ಅನಿಸಿದ್ದುಂಟು.

ಉತ್ತರವನ್ನು ತಾಯಿಯೇ ಕೊಟ್ಟಳು. ಮಾರ್ಚ್ ತಿಂಗಳ ಕೊನೆಯ ವಾರ. ಲೆಕ್ಕದ ವರ್ಷ ಮುಗಿಯುವ ಹೊತ್ತು. ಅಕ್ಕ ಒಂದು ರಾತ್ರಿ ನಮ್ಮ ಮನೆಗೆ ಬಂದು ಬಹಳ ಹೊತ್ತು ಅದೂ ಇದೂ ಮಾತನಾಡುತ್ತ ಕುಳಿತರು. ಕೈಯಲ್ಲಿ ಒಂದು ಅರ್ಜಿ. ಕೊನೆಗೆ, ‘ಅಮ್ಮಾ, ಒಂದು ಇನ್ಶೂರೆನ್ಸ್ ಪಾಲಿಸಿ…’ ಎಂದು ಮೊದಲುಮಾಡಿದರು. ತಾಯಿ ಏನೂ ಕೇಳದೆ, ‘ಎಲ್ಲಿ ಹೆಬ್ಬೆಟ್ಟು ಒತ್ಬೇಕವ್ವಾ?’ ಎಂದು ಕೈ ಒರೆಸಿಕೊಂಡಳು. ಅಕ್ಕ ಆ ಕೈಯನ್ನೇ ನೋಡಿದರು. ಆಮೇಲೆ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಕೈಚೀಲದಲ್ಲಿಟ್ಟುಕೊಂಡು, ‘ಬೇಡಮ್ಮಾ. ವರ್ಷ ವರ್ಷ ಕಟ್ಟಬೇಕು. ನಿಮಗೆ ಆಗಲ್ಲ. ನನಗೆ ಗೊತ್ತಿದ್ದೂ ಕೇಳೋಕೆ ಬಂದೆ’ ಎಂದು ಎದ್ದುಹೋದರು. ಮರುದಿನದ ಸಭೆಯಲ್ಲಿ ಅವರ ಶಾಖೆಯ ಹೆಸರನ್ನು ಓದಿದರೆಂದು ಆಮೇಲೆ ತಿಳಿಯಿತು. ಅಂದು ರಾತ್ರಿ ತಾಯಿ ದೀಪ ಆರಿಸಿ ಮಲಗಿದ ಮೇಲೆ ಹೇಳಿದಳು: ‘ನಂಗೆ ಹೂ ಉಳಿದ್ರೆ ನಷ್ಟ ಆಯ್ತದೆ, ಬೈಯೋರಿಲ್ಲ. ಆವಮ್ಮಂಗೆ ಮಾರಿದ್ರೂ ಬೈತಾರೆ, ಮಾರ್ದೆ ಇದ್ರೂ ಬೈತಾರೆ. ಅದ್ಕಿಂತ ನನ್ ಬುಟ್ಟೀನೇ ವಾಸಿ.’

ದಣಿವಿನಲ್ಲಿ ಎರಡು ಬಗೆಯುಂಟೆಂದು ನನಗೆ ಅರ್ಥವಾದದ್ದು ಆಗ. ಮೈಯ ದಣಿವು ಒಂದು. ಅದು ನಿದ್ದೆಯಿಂದ ಬಹುಮಟ್ಟಿಗೆ ಕಳೆಯುತ್ತದೆ. ತನಗೆ ಸರಿಯೆನಿಸದ್ದನ್ನು ತನ್ನವರಿಗೇ ಮಾರಬೇಕಾಗಿ ಬಂದಾಗ ಹತ್ತುವ ದಣಿವು ಇನ್ನೊಂದು. ಅದು ನಿದ್ದೆಯನ್ನೇ ಕಳೆಯುತ್ತದೆ. ನೆರೆಯವಳು ನೆರೆಯವಳಾಗಿ ಕಾಣದೆ ಪಟ್ಟಿಯ ಒಂದು ಅಂಕಿಯಾಗಿ ಕಾಣುವಷ್ಟು ಮನುಷ್ಯನನ್ನು ದುಡಿಸುವುದರಿಂದ ನೌಕರನಿಗೆ ಮಾತ್ರವಲ್ಲ, ಹೆಬ್ಬೆಟ್ಟು ಒತ್ತುವವಳಿಗೂ ನಷ್ಟ. ಆದ್ದರಿಂದ ಅಕ್ಕನ ಹೊತ್ತು ಸರಿಯಾದರೆ ತಾಯಿಗೂ ಲಾಭವೇ ಹೊರತು ಅವರಿಬ್ಬರ ಕಷ್ಟಗಳು ಒಂದಕ್ಕೊಂದು ಎದುರಾಳಿಗಳಲ್ಲ. ತಾಯಿಯ ದಿನಕ್ಕೆ ಹೊತ್ತಿನ ಮೇರೆಯಿಲ್ಲವೆಂಬುದು ಅಕ್ಕನ ಮೇರೆಯನ್ನು ಕಿತ್ತುಹಾಕುವುದಕ್ಕೆ ಕಾರಣವಾಗದು. ತಾಯಿಗೂ ಒಂದು ಮೇರೆ ಬೇಕೆಂಬುದಕ್ಕೆ ಕಾರಣವಾಗುತ್ತದೆ.

ಬಲ್ಲವರ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ನೂರಕ್ಕೆ 35ರಷ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. 2016ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹೀಗೆ ಸತ್ತವರು ಅಂದಾಜು 7,45,000 ಜನ. ನಾನು ಅಕ್ಕನ ವಾರವನ್ನು ಕೂಡಿ ನೋಡಿದೆ. ಒಂಬತ್ತೂವರೆಯಿಂದ ಏಳೂವರೆಯವರೆಗೆ ದಿನಕ್ಕೆ ಹತ್ತು ಗಂಟೆ. ಐದು ದಿನಕ್ಕೆ ಐವತ್ತು. ಶನಿವಾರ ಕೆಲಸವಿರುವ ವಾರದಲ್ಲಿ ಇನ್ನೆಂಟು ಸೇರಿ ಐವತ್ತೆಂಟು. ಪ್ರಯಾಣದ ಹೊತ್ತು ಇದರಲ್ಲಿ ಸೇರಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನವರೇ ಆದ ನಾರಾಯಣಮೂರ್ತಿಯವರು, ದೇಶ ಮುಂದುವರಿಯಬೇಕಾದರೆ ಯುವಜನರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದರು. ಅವರು ತಮ್ಮ ಸಂಸ್ಥೆಯನ್ನು ಕಟ್ಟಿದ ಪರಿಶ್ರಮಕ್ಕೆ ನಮಸ್ಕಾರ. ಆದರೆ ತಾನು ಕಟ್ಟುವ ಮನೆಗೆ ತಾನೇ ಎಪ್ಪತ್ತು ಗಂಟೆ ಕಲ್ಲು ಹೊರುವುದು ಬೇರೆ, ಪರರ ಮನೆಗೆ ಎಪ್ಪತ್ತು ಗಂಟೆ ಕಲ್ಲು ಹೊರುವುದು ಬೇರೆ. ಗಾರೆಯವರ ಮಗನಾದ ನನಗೆ ಈ ಅಂತರವನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಪರಿಹಾರವೇನು? ವಿದ್ಯಾರ್ಥಿಯಾದವನು ಸರ್ಕಾರಕ್ಕೆ ಬುದ್ಧಿ ಹೇಳಹೊರಟರೆ ನಗುವವರೇ ಹೆಚ್ಚು. ಆದರೂ ಆದದ್ದನ್ನು ನೆನೆಯಬಹುದು. 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕಿಗೆ ರಜೆಯಾದವು, ದೇಶವೇನೂ ಮುಳುಗಲಿಲ್ಲ. ಉಳಿದ ಶನಿವಾರಗಳನ್ನೂ ಬಿಡಬೇಕೆಂಬ ಬೇಡಿಕೆಗೆ 2024ರ ಮಾರ್ಚಿಯ ಮಾತುಕತೆಯಲ್ಲಿ ಬ್ಯಾಂಕುಗಳ ಸಂಘ ತಲೆದೂಗಿತು. ಸರ್ಕಾರದ ಒಪ್ಪಿಗೆಯ ಷರತ್ತು ಮಾತ್ರ ಜೊತೆಗಿತ್ತು. ಆದರೆ ರಜೆಯ ದಿನವೇ ಸಾಲದ ಮೇಳ ನಡೆಸಿದರೆ ರಜೆ ಕ್ಯಾಲೆಂಡರಿನ ಕೆಂಪು ಅಕ್ಷರವಾಗಿ ಉಳಿಯುತ್ತದೆ, ಅಷ್ಟೆ. ತೆರವಾದ ಜಾಗಗಳಿಗೆ ಜನರನ್ನು ತುಂಬುವುದು, ಮಾರಾಟದ ಗುರಿಯನ್ನು ಕೌಂಟರಿನಿಂದ ದೂರವಿಡುವುದು, ರಾತ್ರಿಯ ಫೋನಿಗೆ ಉತ್ತರಿಸದವರನ್ನು ದೂರದಿರುವುದು; ಇವು ಹೊಸ ಕಾನೂನಿಗೆ ಕಾಯಬೇಕಾದ ಕೆಲಸಗಳಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ನಮ್ಮ ಪಾಲಿನದೂ ಸ್ವಲ್ಪವಿದೆ. ಮೂರು ಐವತ್ತೈದಕ್ಕೆ ಓಡಿಬಂದು, ಹರಿದ ನೋಟಿನ ಕಟ್ಟನ್ನು ಕಿಟಕಿಯೊಳಕ್ಕೆ ತಳ್ಳಿ, ‘ನಮ್ಮ ದುಡ್ಡಿನಲ್ಲಿ ಸಂಬಳ ತಗೊಳ್ತೀರಿ’ ಎಂದು ಗದರುವವರು ನಾವೇ ಅಲ್ಲವೆ? ನಮ್ಮ ಬೀದಿಯ ಹತ್ತಿರದ ಶಾಖೆಯಲ್ಲಿ ತಿಂಗಳ ಮೊದಲ ವಾರ ವೃದ್ಧರು ಚಲನ್ ಹಿಡಿದು, ಬರೆದುಕೊಡುವವರಿಗಾಗಿ ಮುಖ ಮುಖ ನೋಡುತ್ತಾರೆ. ನಾನೂ ಇಬ್ಬರು ಗೆಳೆಯರೂ ಕಾಲೇಜಿಲ್ಲದ ದಿನಗಳಲ್ಲಿ ಅಲ್ಲಿ ಒಂದು ಗಂಟೆ ನಿಂತು ಬರೆದುಕೊಡುತ್ತಿದ್ದೇವೆ. ಬರೆಯಬಲ್ಲ ಕೈಗಳು ನಮ್ಮ ಕಾಲೇಜಿನಲ್ಲಿ ನೂರಾರಿವೆ. ಓದುಗ ಮಿತ್ರರು ತಮ್ಮ ತಮ್ಮ ಬೀದಿಯಲ್ಲಿ ಇದನ್ನು ಮಾಡಿದರೆ ಒಳಗಿನವರಿಗೂ ಹೊರಗಿನವರಿಗೂ ಉಪಕಾರವಾದೀತು.

ಇಷ್ಟೆಲ್ಲ ಬರೆದ ಮೇಲೆ, ನೀನು ಬ್ಯಾಂಕಿನ ಪರೀಕ್ಷೆಯನ್ನು ಬರೆಯುತ್ತೀಯೋ ಇಲ್ಲವೋ ಎಂದು ಯಾರಾದರೂ ಕೇಳಿಯಾರು. ಬರೆಯುತ್ತೇನೆ. ನಮ್ಮ ಮನೆಯ ಸ್ಥಿತಿಯಲ್ಲಿ ಸಂಬಳದ ಕೆಲಸವನ್ನು ಬೇಡವೆನ್ನುವ ಐಶ್ವರ್ಯ ನನಗಿಲ್ಲ. ತಂದೆಯವರಿಗೆ ಸಾರುವೆಯ ಮೇಲೆ ಹತ್ತುವುದು ಈಚೆಗೆ ಕಷ್ಟವಾಗಿದೆ. ಅಕ್ಕನೇ ತಮ್ಮ ಹಳೆಯ ಅಭ್ಯಾಸದ ಪುಸ್ತಕಗಳನ್ನು ಕೊಟ್ಟಿದ್ದಾರೆ. ಭಾನುವಾರ ಮಧ್ಯಾಹ್ನ, ಫೋನು ಸುಮ್ಮನಿದ್ದ ಹೊತ್ತಿನಲ್ಲಿ, ಲೆಕ್ಕ ಹೇಳಿಕೊಡುತ್ತಾರೆ. ಮೊನ್ನೆ ಬಡ್ಡಿಯ ಲೆಕ್ಕವೊಂದನ್ನು ಬಿಡಿಸಿಕೊಟ್ಟು, ‘ಸೇರಿದ ಮೇಲೆ ಮೊದಲನೇ ದಿನವೇ ಸಂಘದ ಸದಸ್ಯತ್ವದ ಅರ್ಜಿ ಕೇಳು. ನಾಚಿಕೊಳ್ಳಬೇಡ’ ಎಂದರು. ಆ ಮಾತನ್ನು ಪುಸ್ತಕದ ಒಳರಕ್ಷಾಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.